ಅಸ್ಸಾಂನವರು, ಕ್ಯಾಂಪಿನವರು, ನಮ್ಮ ಓಟು

ಕುಶಾಲನಗರ
23 ನವೆಂಬರ್ 2025, ಭಾನುವಾರ

ಅರೇಬಿಕಾ ಕುಯ್ಲು ಶುರುವಾಗಿದೆ. ಸಂತೆಗಳಲ್ಲಿ ಬಂಗಾಳಿ, ಹಿಂದಿ ಜೋರಾಗಿ ಕೇಳಿಸುವ ಕಾಲ. 2025ರ ನವೆಂಬರ್ 14ಕ್ಕೆ ಬಿಹಾರದ ಚುನಾವಣಾ ಫಲಿತಾಂಶ ಬಂದ ಮೇಲೆ ‘ನುಸುಳುಕೋರರು’ ಎಂಬ ಮಾತು ನಮ್ಮ ಕಡೆಯ ಹೋಟೆಲುಗಳಲ್ಲೂ ಓಡಾಡುತ್ತಿದೆ. ಕೊಡಗಿನ ಗಡಿಯ ಕುಟ್ಟ, ಮಾಕುಟ್ಟದಾಚೆ ಕೇರಳದಲ್ಲಿ 2025ರ ನವೆಂಬರ್ 4ರಿಂದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾಯಿತು. ಮತಗಟ್ಟೆ ಮಟ್ಟದ ಅಧಿಕಾರಿಗಳು (ಬಿಎಲ್‌ಒ) ಮನೆಮನೆಗೆ ನಮೂನೆ ಹಂಚಿದರು. ಕರ್ನಾಟಕ ಆ ಸುತ್ತಿನಲ್ಲಿರಲಿಲ್ಲ. ನಮ್ಮ ಸರದಿ ಬರುವ ಮೊದಲೇ ಒಂದು ಗಂಟು ಬಿಡಿಸಿಕೊಳ್ಳಬೇಕು. ತೋಟಕ್ಕೆ ಬಂದ ಆಳು ಯಾರು, ಅವನು ಭಾರತೀಯನೇ, ಅವನಿಗೆ ಇಲ್ಲಿ ಓಟಿದೆಯೇ – ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಮೂರಕ್ಕೂ ಬೇರೆ ಕಾಗದ, ಬೇರೆ ಕಚೇರಿ. ಚುನಾವಣಾ ಭಾಷಣಗಳಲ್ಲಿ ಮೂರೂ ಒಂದೇ ಆಗಿಬಿಡುತ್ತವೆ.

ಮೊದಲನೆಯದಕ್ಕೆ ತೋಟದ ರೈಟರ್ (ಗುಮಾಸ್ತ) ಆಧಾರ್ ಜೆರಾಕ್ಸ್ ತೆಗೆದುಕೊಳ್ಳುತ್ತಾರೆ, ಫೋಟೊ ಮತ್ತು ಫೋನ್ ನಂಬರ್ ಸೇರಿಸಿ ಠಾಣೆಗೆ ಕೊಡುತ್ತಾರೆ. ಮಾಡಬೇಕಾದದ್ದೇ. ಆದರೆ ಜೆರಾಕ್ಸ್‌ನಲ್ಲಿ ಹೆಸರು ತಿದ್ದುವುದು ಮಕ್ಕಳಾಟ. ಮೂಲ ಕಾರ್ಡ್ ಕೇಳಿ, ಅದರ ಕ್ಯೂಆರ್ ಕೋಡನ್ನು ಆಧಾರ್ ಪ್ರಾಧಿಕಾರದ (ಯುಐಡಿಎಐ) ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಬರುವ ಹೆಸರು, ಫೋಟೊ ಎದುರಿಗಿರುವವನಿಗೆ ತಾಳೆಯಾಗುತ್ತದೆಯೇ ನೋಡಬೇಕು. ಅಷ್ಟಾದರೂ ಗೊತ್ತಾಗುವುದು ಗುರುತು ಮಾತ್ರ. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತದೆ. ಅರ್ಜಿಯ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದರೆ ವಿದೇಶಿಯೂ ಆಧಾರ್ ಪಡೆಯಬಹುದು. ಬಿಹಾರದ ಪರಿಷ್ಕರಣೆಯಲ್ಲಿ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 8ರಂದು ಆಧಾರನ್ನು ಹನ್ನೆರಡನೇ ದಾಖಲೆಯಾಗಿ ಸೇರಿಸಿದಾಗಲೂ, ಇದು ಗುರುತಿಗೆ ಮಾತ್ರ ಎಂದೇ ಹೇಳಿತು.

ಮಾತಿನ ಧಾಟಿ ಕೇಳಿ ‘ಇವನು ಬಾಂಗ್ಲಾದವನೇ’ ಎಂದು ತೀರ್ಪು ಕೊಡುವವರೂ ಇದ್ದಾರೆ. ಅಸ್ಸಾಮಿನ ಕಾಛಾರ್, ಹೈಲಾಕಾಂಡಿ ಜಿಲ್ಲೆಗಳಲ್ಲಿ ಆಡುವ ಸಿಲ್ಹೆಟಿಯನ್ನೇ ಗಡಿಯಾಚೆ ಸಿಲ್ಹೆಟ್‌ನಲ್ಲೂ ಆಡುತ್ತಾರೆ. ಕುಟ್ಟದವರ ಮಲಯಾಳ ಕೇಳಿ ಅವರನ್ನು ವಯನಾಡಿನವರು ಅಂದಹಾಗೆ.

ಎರಡನೆಯ ಪ್ರಶ್ನೆಗೆ ಉತ್ತರ ಹುಟ್ಟಿದ ತಾರೀಖಿನಲ್ಲಿದೆ. 26-1-1950ರಿಂದ 30-6-1987ರವರೆಗೆ ಭಾರತದಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂಥ ಕೆಲವರನ್ನು ಬಿಟ್ಟರೆ, ತಂದೆತಾಯಿ ಯಾರೇ ಆಗಿದ್ದರೂ ನಾಗರಿಕರು. 1-7-1987ರಿಂದ 2-12-2004ರವರೆಗೆ ಹುಟ್ಟಿದ್ದರೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು. ಅನಂತರ ಹುಟ್ಟಿದವರಿಗೆ ಅದೂ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಸ್ಸಾಮಿನ ಲೆಕ್ಕ ಬೇರೆ, ಅಲ್ಲಿಗೆ ಯಾವಾಗ ಬಂದವರು ಎಂಬುದಕ್ಕೆ ಗೆರೆ ಎಳೆದಿರುವುದು 24-3-1971ಕ್ಕೆ. ಅದರ ಮೇಲೆ ತಯಾರಾದ ನಾಗರಿಕರ ಪಟ್ಟಿ (ಎನ್‌ಆರ್‌ಸಿ) 2019ರ ಆಗಸ್ಟ್ 31ಕ್ಕೆ ಪ್ರಕಟವಾದಾಗ 19,06,657 ಜನ ಹೊರಗುಳಿದರು. ನಮ್ಮ ಲೈನ್ ಮನೆಗೆ (ತೋಟದ ಆಳುಗಳ ಸಾಲುಮನೆಗೆ) ಬರುವ ಹುಡುಗನ ತಾಯಿಯೋ ತಮ್ಮನೋ ಆ ಲೆಕ್ಕದಲ್ಲಿರಬಹುದು. ಊರಿನ ಪಟ್ಟಿಯಿಂದ ಹೆಸರು ಹೋದರೆ ಎಂಬ ಭಯಕ್ಕೇ ಓಟಿನ ಹೊತ್ತಿಗೆ ಅವರು ರೈಲು ಹತ್ತುತ್ತಾರೆ. ಅಸ್ಸಾಂ ವಿಧಾನಸಭೆಯ ಅವಧಿ 2026ರ ಮೇ ತಿಂಗಳವರೆಗೆ, ಬಂಗಾಳದ್ದೂ ಅಷ್ಟೇ. ರೊಬಸ್ಟಾ ಕುಯ್ಲು ಹೇಗೋ ಮುಗಿದೀತು, ಕರಿಮೆಣಸಿಗೆ ಆಳಿನ ಏರ್ಪಾಟನ್ನು ಬೆಳೆಗಾರರು ಈಗಲೇ ಯೋಚಿಸಬೇಕು. ಇದ್ದಲ್ಲಿಂದಲೇ ಊರಿನ ಓಟು ಹಾಕಲು 72 ಕ್ಷೇತ್ರಗಳನ್ನು ನಿಭಾಯಿಸುವ ಯಂತ್ರವೊಂದನ್ನು ಚುನಾವಣಾ ಆಯೋಗ 2022ರ ಕೊನೆಯಲ್ಲಿ ಪ್ರಕಟಿಸಿತ್ತು. ಪಕ್ಷಗಳು ಒಪ್ಪಲಿಲ್ಲ.

ನಿಜವಾಗಿ ವಿದೇಶಿಯೇ ಆಗಿದ್ದರೆ? 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾಯ್ದೆಗಳು ಹೋದವು. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದರೆ 5 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ‘ನಾನು ವಿದೇಶಿಯಲ್ಲ’ ಎಂದು ಸಾಬೀತು ಮಾಡುವ ಹೊಣೆ ಹಿಂದಿನಂತೆ ಆಪಾದಿತನದೇ. ಹೋಂಸ್ಟೇ ನಡೆಸುವವರಿಗೂ ಇದರಲ್ಲಿ ಪಾಲಿದೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ, ಇಷ್ಟು ದಿನ ಸಿ ಫಾರ್ಮ್ ಎಂದು ಕರೆಯುತ್ತಿದ್ದ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಕೂಲಿಯವನ ಮೇಲೆ ಕಣ್ಣಿಡುವ ಊರು ಹೋಂಸ್ಟೇಯ ಲೆಕ್ಕ ಕೇಳುವುದಿಲ್ಲ ಎಂಬುದು ನನ್ನ ತಕರಾರು.

ವಲಸೆ ನೀತಿ ಕಣ್ಣಾರೆ ನೋಡಬೇಕಿದ್ದರೆ ದೆಹಲಿಗೆ ಹೋಗಬೇಕಿಲ್ಲ, ಕಾವೇರಿ ಸೇತುವೆ ದಾಟಿ ಕೊಪ್ಪಕ್ಕೆ ಬಂದರೆ ಸಾಕು. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪ್ 1960ರ ದಶಕದ ಆರಂಭದ್ದು. ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಲೋಕಸಭೆಗೆ ಮಾತ್ರ ಅವರದೂ ನಮ್ಮದೂ ಒಂದೇ ಕ್ಷೇತ್ರ, ಮೈಸೂರು–ಕೊಡಗು. ಅಲ್ಲಿ ಒಂದೇ ಮನೆಯೊಳಗೆ ಕಾನೂನು ಎರಡು ಹೋಳಾಗುತ್ತದೆ. 1985ರಲ್ಲಿ ಇಲ್ಲೇ ಹುಟ್ಟಿದ ಅಕ್ಕ ಕಾನೂನಿನ ಪ್ರಕಾರ ಭಾರತೀಯಳು. 1989ರಲ್ಲಿ ಹುಟ್ಟಿದ ತಮ್ಮ, ತಂದೆತಾಯಿ ಇಬ್ಬರೂ ಭಾರತೀಯರಲ್ಲದಿದ್ದರೆ, ವಿದೇಶಿ. ನೋಂದಣಿ ಪತ್ರ, ಅವರ ಬಾಯಲ್ಲಿ ಆರ್‌ಸಿ, ನವೀಕರಿಸುತ್ತಲೇ ಇರಬೇಕು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಅಕ್ಕನಂಥವರ ಹಕ್ಕನ್ನು ಎತ್ತಿಹಿಡಿಯಿತು, 2014ರಲ್ಲಿ ಅವರ ಹೆಸರನ್ನು ಪಟ್ಟಿಗೆ ಸೇರಿಸಿಕೊಳ್ಳಿ ಎಂದು ಚುನಾವಣಾ ಆಯೋಗವೂ ಸೂಚಿಸಿತು. ಎಲ್ಲರೂ ಮುಂದೆ ಬರಲಿಲ್ಲ. ಭಾರತೀಯರಾದರೆ ಟಿಬೆಟಿನ ಹೋರಾಟ ಬಿಟ್ಟಂತೆ ಎಂಬ ಅಳುಕು ಒಂದು ಕಡೆ, ಆರ್‌ಸಿ ಒಪ್ಪಿಸಬೇಕೆಂಬುದು ಇನ್ನೊಂದು ಕಡೆ. ಪೌರತ್ವ ಕಾಯ್ದೆಯ 2019ರ ತಿದ್ದುಪಡಿ ಬೌದ್ಧರನ್ನು ಹೆಸರಿಸಿದ್ದರೂ ತಮ್ಮನಿಗೆ ಪ್ರಯೋಜನವಿಲ್ಲ. ಅದು ಅಫ್ಗಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನದಿಂದ 31-12-2014ರೊಳಗೆ ಬಂದವರಿಗೆ ಮಾತ್ರ.

ಸಂಪಾಜೆ ಘಾಟಿ ಇಳಿದರೆ ಸುಳ್ಯದ ಸರ್ಕಾರಿ ರಬ್ಬರ್ ತೋಟಗಳಲ್ಲಿ ಇನ್ನೊಂದು ಬಗೆಯ ಜನ, 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಲೋನಿನಿಂದ ಬಂದ ತಮಿಳರು. ಒಪ್ಪಂದದಲ್ಲೇ ಪೌರತ್ವ ನಿಶ್ಚಯವಾಗಿದ್ದರಿಂದ ಅವರಿಗೆ ಓಟು ಸಿಕ್ಕಿತು. ಎರಡು ಸರ್ಕಾರಗಳು ಕೂತು ತಲೆ ಎಣಿಸಿದರೆ ಕೆಲಸ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗಿಲ್ಲ. ಬಾಂಗ್ಲಾದೇಶದ ವಿಷಯದಲ್ಲಿ ಅಂಥದ್ದು ಇಲ್ಲ.

ಇನ್ನು ಓಟು. ಪ್ರಜಾಪ್ರತಿನಿಧಿ ಕಾಯ್ದೆ, 1950ರ ಪ್ರಕಾರ ಬೇಕಾದದ್ದು ಪೌರತ್ವ, 18 ವರ್ಷ, ಸಾಮಾನ್ಯ ವಾಸ. ಮನೆ ಇದೆ ಎಂದಷ್ಟಕ್ಕೇ ಅಲ್ಲಿಯ ವಾಸಿ ಎನಿಸುವುದಿಲ್ಲ ಎಂದು 20ನೇ ಕಲಂ ಹೇಳುತ್ತದೆ. ವರ್ಷವಿಡೀ ಬೆಂಗಳೂರಿನಲ್ಲಿದ್ದು ಐನ್‌ಮನೆಯ (ಕುಟುಂಬದ ಮೂಲಮನೆಯ) ವಿಳಾಸದಲ್ಲಿ ಹೆಸರು ಉಳಿಸಿಕೊಂಡಿರುವ ನಮ್ಮವರಿಗಿಂತ, ವರ್ಷವಿಡೀ ಲೈನ್ ಮನೆಯಲ್ಲಿರುವ ಅಸ್ಸಾಮಿನ ಭಾರತೀಯನಿಗೆ ಇಲ್ಲಿ ಓಟು ಕೇಳಲು ಹೆಚ್ಚು ಹಕ್ಕಿದೆ! ಹೊಸ ಹೆಸರಿಗೆ ನಮೂನೆ 6, ತೆಗೆಸಲು 7, ವಿಳಾಸ ಬದಲಿಗೆ, ತಿದ್ದುಪಡಿಗೆ 8. ಕಣ್ಣೂರಿನಲ್ಲೂ ವಿರಾಜಪೇಟೆಯಲ್ಲೂ ಹೆಸರಿರುವವರು ಒಂದು ಕಡೆ ಈಗಲೇ ತೆಗೆಸಿಬಿಡಲಿ. ಎರಡು ಕಡೆ ಇರುವಂತಿಲ್ಲ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು. ಅನುಮಾನ ಬಂದವರ ಮೇಲೆಲ್ಲ ನಮೂನೆ 7 ತುಂಬಿಸುವ ಉತ್ಸಾಹಿಗಳಿಗೂ, ಹೇಳಿದ್ದು ಸುಳ್ಳಾದರೆ, ಅದೇ ಶಿಕ್ಷೆ ಅನ್ವಯಿಸುತ್ತದೆ.

ಕಾಗದದ ಜರಡಿ ಹಿಡಿದರೆ ಕೊಡಗಿನಲ್ಲಿ ಮೊದಲು ಕೆಳಗೆ ಬೀಳುವವರು ಬಾಂಗ್ಲಾದವರಲ್ಲ, ಇಲ್ಲಿಯ ಆದಿವಾಸಿಗಳಾದ ಎರವರು, ಜೇನುಕುರುಬರು. ತೋಟದಿಂದ ತೋಟಕ್ಕೆ ಹೋಗುವವರಿಗೆ ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು? 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಿಂದ ಒಕ್ಕಲೆಬ್ಬಿಸಿದಾಗ ಅವರ ಗುಡಿಸಲುಗಳಿಗೆ ವಿಳಾಸವೇ ಇರಲಿಲ್ಲ. ಬಿಹಾರದಲ್ಲಿ ಪಟ್ಟಿ 7.89 ಕೋಟಿಯಿಂದ 7.42 ಕೋಟಿಗೆ ಇಳಿಯಿತು. ಇಲ್ಲಿ ಪರಿಷ್ಕರಣೆ ಬರುವ ಮೊದಲು ಹಾಡಿಗಳಲ್ಲಿ (ಆದಿವಾಸಿ ಕೇರಿಗಳಲ್ಲಿ) ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕುಪತ್ರಗಳ ಶಿಬಿರ ನಡೆಯಬೇಕು. ಬಿಹಾರದಲ್ಲಿ ಒಪ್ಪಿದ ದಾಖಲೆಗಳಲ್ಲಿ ಇವೆರಡೂ ಇದ್ದವು.

ಪೌರತ್ವವೂ ಗಡಿಯೂ ಕೇಂದ್ರದ ವಿಷಯ, ಹಾಗಾಗಿ ಕೇಳಬೇಕಾದದ್ದು ಸಂಸದರನ್ನು. ನಮ್ಮ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕೊಡಗಿನದು ಎರಡೇ, ದನಿ ಸಣ್ಣದು ನಿಜ. ಠಾಣೆಯಿಂದ ಹೋದ ಪರಿಶೀಲನಾ ಪತ್ರಕ್ಕೆ ಬೇರೆ ರಾಜ್ಯದ ಪೊಲೀಸರು ಎಷ್ಟು ದಿನದೊಳಗೆ ಉತ್ತರಿಸಬೇಕು? 1987ರ ನಂತರ ಕ್ಯಾಂಪಿನಲ್ಲಿ ಹುಟ್ಟಿದವರ ಗತಿ ಏನು? 2029ಕ್ಕೆ ಓಟು ಕೇಳಲು ಬರುವವರಿಗೆ ‘ನುಸುಳುಕೋರರನ್ನು ಓಡಿಸುತ್ತೇವೆ’ ಎಂಬುದೂ, ‘ಅಂಥವರೇ ಇಲ್ಲ’ ಎಂಬುದೂ ಉತ್ತರವಲ್ಲ. ಇವನ್ನೇ ಲೋಕಸಭೆಯಲ್ಲಿ ಚುಕ್ಕೆ ರಹಿತ ಪ್ರಶ್ನೆಯಾಗಿ ಹಾಕಿದರೆ ಗೃಹ ಸಚಿವಾಲಯ ಲಿಖಿತ ಉತ್ತರ ಕೊಡಬೇಕು. ಯಾವ ಸಂಸದರು ಏನು ಕೇಳಿದ್ದಾರೆ ಎಂಬುದು ಲೋಕಸಭೆಯ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ.