ಗ್ರಾಫಿಕ್ಸ್ ಚೆನ್ನಾಗಿದ್ರೆ ಸಾಕಲ್ವಾ?

ಸೈನ್ಸ್ ಫಿಕ್ಷನ್ ಸಿನಿಮಾಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳಿಯೇ ಕೇಳುತ್ತಾರೆ. "ಗ್ರಾಫಿಕ್ಸ್ ಚೆನ್ನಾಗಿದ್ರೆ ಸಾಕಲ್ವಾ? ರಾಕ್ಷಸ ಬಂದ, ಊರು ಕೆಡವಿದ, ಮಜಾ ಸಿಕ್ತು. ಅದರಲ್ಲೂ ಯಾಕೆ ಅರ್ಥ ಹುಡುಕ್ತೀರಿ?"

ಮಜಾ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಊರು ಕೆಡವುವ ರಾಕ್ಷಸ ನನಗೂ ಇಷ್ಟ. ಆದರೆ ಅದೇ ರಾಕ್ಷಸ ಎರಡು ಬೇರೆ ಸಿನಿಮಾ ಆಗಿಬಿಟ್ಟ ಉದಾಹರಣೆ ಒಂದಿದೆ. ನನ್ನ ಉತ್ತರ ಅದೇ.

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪಗಳಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತು. ಅಪಾಯದ ವಲಯ ಅಂತ ಗುರುತು ಮಾಡಿದ್ದ ಜಾಗದ ಆಚೆಗಿದ್ದ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ಬಿಳಿ ಬೂದಿ ಉದುರಿತು. ಅದರಲ್ಲಿದ್ದ 23 ಜನರೂ ಕಾಯಿಲೆ ಬಿದ್ದರು. ರೇಡಿಯೊ ಆಪರೇಟರ್ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರ್ 3ಕ್ಕೆ ಇಶಿರೊ ಹೋಂಡಾ ನಿರ್ದೇಶಿಸಿದ ‘ಗೊಜಿರಾ’ ತೆರೆಗೆ ಬಂತು. ನಾವು ಗಾಡ್ಜಿಲ್ಲಾ ಅನ್ನುವುದು ಇದನ್ನೇ. ಹೈಡ್ರೋಜನ್ ಬಾಂಬ್ ಪರೀಕ್ಷೆ ಸಮುದ್ರದೊಳಗಿಂದ ಎಬ್ಬಿಸಿದ ರಾಕ್ಷಸನ ಕಥೆ.

ಸಿನಿಮಾ ಶುರುವಾಗುವುದು ಸಮುದ್ರದ ಮೇಲೆ. ಒಂದು ಹಡಗು, ಕಣ್ಣು ಕುಕ್ಕುವ ಬೆಳಕು, ಆಮೇಲೆ ಬೆಂಕಿ. ಅವತ್ತು ಥಿಯೇಟರಿನಲ್ಲಿ ಕೂತವರಿಗೆ ಇದೇನು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆಗ ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲಿತ್ತು? ರಬ್ಬರ್ ವೇಷದೊಳಗೆ ಒಬ್ಬ ನಟ, ಕಾಲಡಿಗೆ ಪುಟಾಣಿ ಟೋಕಿಯೊ, ಅಷ್ಟೇ. ಆ ಗರ್ಜನೆ ಕೂಡ ಚರ್ಮದ ಗ್ಲೌಸಿನಿಂದ ಡಬಲ್ ಬಾಸ್ ವಾದ್ಯದ ತಂತಿಗಳನ್ನು ಉಜ್ಜಿ ಮಾಡಿದ್ದು. ಇವತ್ತಿನ ಕಣ್ಣಿಗೆ ವೇಷ ವೇಷವಾಗಿಯೇ ಕಾಣುತ್ತದೆ, ನಿಜ. ಆದರೂ ನನಗೆ ಭಯವಾಗುತ್ತದೆ. ಯಾಕೆಂದರೆ ಊರು ಸುಟ್ಟ ಮೇಲೆ ಕ್ಯಾಮೆರಾ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿ ಒಂದು ಮಗುವಿನ ಹತ್ತಿರ ವಿಕಿರಣ ಅಳೆಯುವ ಯಂತ್ರ ಹಿಡಿಯುತ್ತಾರೆ. ಯಂತ್ರ ಕರಕರ ಅನ್ನುತ್ತದೆ. ಮಗುವಿಗೆ ಏನೂ ಗೊತ್ತಿಲ್ಲ. ಊರು ಕೆಡವುವ ಎಷ್ಟೋ ಸಿನಿಮಾ ನೋಡಿದ್ದೇನೆ. ಕೆಡವಿದ ಮೇಲೆ ಇಷ್ಟು ಹೊತ್ತು ನಿಂತು ನೋಡುವವು ತುಂಬಾ ಕಮ್ಮಿ.

ಎರಡು ವರ್ಷದ ನಂತರ ಇದೇ ಸಿನಿಮಾ ಅಮೆರಿಕಕ್ಕೆ ಹೋಯಿತು. ರೇಮಂಡ್ ಬರ್ ಅನ್ನುವ ನಟನನ್ನು ಪತ್ರಕರ್ತನ ಪಾತ್ರದಲ್ಲಿ ಸೇರಿಸಿದರು. ರಾಕ್ಷಸ ಹಾಗೇ ಉಳಿದ. ಕುಸಿಯುವ ಕಟ್ಟಡಗಳೂ ಉಳಿದವು. ಹೋಗಿದ್ದು ಸಣ್ಣ ಸಣ್ಣ ಮಾತುಗಳು. ಮೂಲದಲ್ಲಿ ರೈಲಿನಲ್ಲಿ ಕೂತ ಹೆಂಗಸೊಬ್ಬಳು, ನಾಗಸಾಕಿಯಲ್ಲಿ ಹೇಗೋ ಬದುಕಿ ಬಂದೆ, ಈಗ ಇದು ಬೇರೆ ಅಂತ ಸುಮ್ನೆ ಹೇಳಿಕೊಳ್ಳುತ್ತಾಳೆ. ಆ ಮಾತು ಅಮೆರಿಕದ ಪ್ರಿಂಟಿನಲ್ಲಿ ಇಲ್ಲ. ಮೂಲದ ಕೊನೆಯಲ್ಲಿ ವಯಸ್ಸಾದ ವಿಜ್ಞಾನಿ ಯಮಾನೆ, ಅಣುಬಾಂಬ್ ಪರೀಕ್ಷೆ ಹೀಗೇ ನಡೆದರೆ ಇನ್ನೊಂದು ಗೊಜಿರಾ ಎಲ್ಲಾದರೂ ಏಳಬಹುದು ಅನ್ನುತ್ತಾನೆ. ಅಮೆರಿಕದ ಪ್ರಿಂಟಿನ ಕೊನೆಯಲ್ಲಿ ಆಪತ್ತು ಕಳೆಯಿತು, ಜಗತ್ತು ಮತ್ತೆ ಬದುಕಬಹುದು ಅನ್ನುವ ನೆಮ್ಮದಿಯ ಮಾತಿದೆ.

ರಾಕ್ಷಸ ಅದೇ, ಊರು ಅದೇ. ಒಂದರಲ್ಲಿ ಅವನು ನಾವೇ ಎಬ್ಬಿಸಿದ ಬಾಂಬು, ಇನ್ನೊಂದರಲ್ಲಿ ಬಂದು ಹೋದ ಒಂದು ಪ್ರಾಣಿ.

ಸಂಕೇತ ಅಂದರೆ ಸಿನಿಮಾದ ಮೇಲೆ ಆಮೇಲೆ ಅಂಟಿಸುವ ಚೀಟಿ ಅಲ್ಲ. ಗೊಜಿರಾ ಹೆದರಿಸದಿದ್ದರೆ ಬಾಂಬಿನ ಮಾತೂ ಬರೀ ಭಾಷಣ ಆಗುತ್ತಿತ್ತು. ಹಾಗಾಗಿ ಅಬ್ಬರದ ದೃಶ್ಯ ಒಂದು ಕಡೆ, ಅರ್ಥ ಇನ್ನೊಂದು ಕಡೆ ಅಂತ ನನಗೆ ಅನಿಸುವುದೇ ಇಲ್ಲ. ದೊಡ್ಡ ದೃಶ್ಯ ಮುಗಿದ ಮೇಲೆ ಅದರ ಏಟು ಯಾರಿಗೆ ಬಿತ್ತು ಅಂತ ಸಿನಿಮಾ ತಿರುಗಿ ನೋಡುತ್ತದಾ? ನಾನು ಹುಡುಕುವುದು ಇಷ್ಟನ್ನೇ.

ನೀವೂ ನೋಡುವುದಾದರೆ ಮೊದಲು ಜಪಾನಿನ ಮೂಲ ಸಿನಿಮಾ ನೋಡಿ. ಆಸ್ಪತ್ರೆಯ ದೃಶ್ಯ ಬಂದಾಗ ದಯವಿಟ್ಟು ಮುಂದೆ ಓಡಿಸಬೇಡಿ.