ಕರೆಂಟ್ ಬಿಲ್ ಇಳಿಯಿತು, ಸರಿ. ತರಗತಿಯ ಗಾಳಿ ಹೇಗಿದೆ?

ಹಳೆಯ ಸರ್ಕಾರಿ ಶಾಲಾ ಕಟ್ಟಡಗಳನ್ನು ಪರಿಶೀಲಿಸಿ, ಎಲ್ಲಿ ಇಂಧನ ಪೋಲಾಗುತ್ತಿದೆ, ಏನನ್ನು ಮೊದಲು ಸರಿಮಾಡಬೇಕು ಎಂದು ವರದಿ ಕೊಡುವುದು ನನ್ನ ಕೆಲಸ. ಕರೆಯುವವರು ಬಹುಪಾಲು ಬಿಲ್ಲಿನ ಚಿಂತೆಯಿಂದಲೇ ಕರೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಸಂಬಳ ಕೊಟ್ಟ ಮೇಲೆ ಶಾಲೆಗಳಿಗೆ ಉಳಿಯುವ ದೊಡ್ಡ ಖರ್ಚುಗಳಲ್ಲಿ ಇಂಧನವೂ ಒಂದು. ಆದರೆ ಈ ಕೆಲಸದಲ್ಲಿ ನಾನು ಕಲಿತ ಒಂದು ವಿಷಯವನ್ನು ಯಾರಿಗಾದರೂ ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ: ಮಕ್ಕಳು ಕೂತಿರುವಾಗ ತರಗತಿಯ ಗಾಳಿಯನ್ನು ಅಳೆಯದೆ ಯಾವ ಉಳಿತಾಯದ ಕೆಲಸಕ್ಕೂ ಕೈ ಹಾಕಬೇಡಿ.

ಮಕ್ಕಳು ಕೂತಿರುವಾಗ ಎಂಬುದೇ ಇಲ್ಲಿ ಮುಖ್ಯ. ತಪಾಸಣೆ ಸಾಮಾನ್ಯವಾಗಿ ನಡೆಯುವುದು ರಜೆಯಲ್ಲಿ ಅಥವಾ ಶಾಲೆ ಬಿಟ್ಟ ಮೇಲೆ. ಪಾಠಕ್ಕೆ ತೊಂದರೆಯಾಗಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ. ಖಾಲಿ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ಇಟ್ಟರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನಿಜ ಗೊತ್ತಾಗುವುದು ಬಾಗಿಲು ಮುಚ್ಚಿ ಎರಡನೇ ಪಿರಿಯಡ್ ನಡೆಯುತ್ತಿರುವಾಗ.

ಲೆಕ್ಕ ಕಷ್ಟದ್ದಲ್ಲ. 60 ಚದರ ಮೀಟರ್ ನೆಲ, 3 ಮೀಟರ್ ಎತ್ತರದ ಕೋಣೆ ಎಂದರೆ 180 ಘನ ಮೀಟರ್ ಗಾಳಿ. ಅದರಲ್ಲಿ 30 ಮಕ್ಕಳು. ಕೂತು ಓದುವ ಒಂದು ಮಗು ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ ಎಂದುಕೊಳ್ಳಿ. ಹೊರಗಿನ ಗಾಳಿ ಒಳಗೆ ಬಾರದೇ ಇದ್ದರೆ ಆ ಕೋಣೆಯಲ್ಲಿ ಗಂಟೆಗೆ ಹತ್ತಿರಹತ್ತಿರ 2,000 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಅಳತೆ) ಏರುತ್ತದೆ. ಹೊರಗಿನ ಗಾಳಿಯಲ್ಲಿರುವುದು ಸುಮಾರು 420. ಅಂದರೆ ಹಾಜರಿ ಕರೆದು ಪಾಠ ಶುರುವಾಗಿ ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ 1,000 ದಾಟಿರುತ್ತದೆ. ಕಿಟಕಿ ಬಾಗಿಲ ಸಂದಿಗಳಿಂದ ಒಂದಿಷ್ಟು ಗಾಳಿ ನುಸುಳುವುದರಿಂದ ನಿಜದಲ್ಲಿ ಇನ್ನು ಸ್ವಲ್ಪ ಹೊತ್ತು ಹಿಡಿಯಬಹುದು, ಅಷ್ಟೆ.

ಈ 1,000 ಎಂಬ ಗಡಿ ಇತ್ತೀಚಿನದಲ್ಲ. ಮ್ಯೂನಿಕ್‌ನ ಆರೋಗ್ಯವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಸೂಚಿಸಿದ್ದು. ಆ ಮಟ್ಟದಲ್ಲಿ ಇಂಗಾಲದ ಡೈಆಕ್ಸೈಡ್ ವಿಷವೆಂದು ಆತ ಹೇಳಲಿಲ್ಲ. ಮನುಷ್ಯರು ಉಸಿರಾಡಿ ಬಿಟ್ಟ ಗಾಳಿ ಕೋಣೆಯಲ್ಲಿ ಎಷ್ಟು ಉಳಿದಿದೆ ಎಂಬುದಕ್ಕೆ ಅದನ್ನು ಅಳತೆಗೋಲಾಗಿ ಬಳಸಿದ. ಇವತ್ತಿಗೂ ನಾವು ಅದನ್ನು ಬಳಸುವುದು ಹಾಗೆಯೇ. ಸಂಖ್ಯೆ ಏರಿದ ಕೋಣೆಯಲ್ಲಿ ಒಬ್ಬ ಮಗುವಿನ ಶೀತ ಇನ್ನೊಬ್ಬರಿಗೆ ಹತ್ತುವುದು ಸುಲಭ, ತಲೆ ಭಾರ, ತೂಕಡಿಕೆ ಬೇರೆ. ಊಟದ ನಂತರದ ಪಿರಿಯಡ್‌ನಲ್ಲಿ ತೂಕಡಿಸುವ ಮಕ್ಕಳನ್ನು ಗದರುವ ಮೊದಲು ಆ ಕೋಣೆಯ ಮೀಟರ್ ನೋಡಿ ಎಂದು ಶಿಕ್ಷಕರಿಗೆ ನಾನು ಹೇಳುತ್ತಲೇ ಇರುತ್ತೇನೆ.

ಉಳಿತಾಯದ ಹೆಸರಲ್ಲಿ ಉಸಿರಿಗೆ ಕತ್ತರಿ ಹಾಕಿದ ಇತಿಹಾಸವೂ ಇದೆ. 1973ರ ತೈಲ ಬಿಕ್ಕಟ್ಟಿನ ನಂತರ ಕಟ್ಟಡಗಳನ್ನು ಬಿಗಿಯಾಗಿ ಮುಚ್ಚುವ ಅಲೆ ಎದ್ದಿತು. ಕಟ್ಟಡಗಳ ಗಾಳಿ, ತಾಪಮಾನಕ್ಕೆ ಮಾನದಂಡ ರೂಪಿಸುವ ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಆಶ್ರೇಯ 1981ರ ಮಾನದಂಡ, ಧೂಮಪಾನವಿಲ್ಲದ ಕಡೆ ಒಬ್ಬರಿಗೆ ನಿಮಿಷಕ್ಕೆ 5 ಘನ ಅಡಿ ಹೊರಗಾಳಿ ಕೊಟ್ಟರೂ ಸಾಕು ಎಂದಿತು. ನಮ್ಮ ಲೆಕ್ಕದ ಕೋಣೆಗೆ ಅಷ್ಟೇ ಗಾಳಿ ಕೊಟ್ಟರೆ ಮೀಟರ್ 1,800ರ ಆಸುಪಾಸಿನಲ್ಲಿ ಹೋಗಿ ನಿಲ್ಲುತ್ತದೆ. 1989ರಲ್ಲಿ ಅದೇ ಸಂಸ್ಥೆ ಕನಿಷ್ಠವನ್ನು 15 ಘನ ಅಡಿಗೆ ಏರಿಸಿತು. ಆದರೆ ಮಾನದಂಡ ಬದಲಾದ ಮಾತ್ರಕ್ಕೆ ಗೋಡೆ, ಕೊಳವೆ, ಫ್ಯಾನು ಬದಲಾಗುವುದಿಲ್ಲವಲ್ಲ. ಆ ಹೊತ್ತಿನಲ್ಲಿ ಕಟ್ಟಿದ ಶಾಲೆಗಳಲ್ಲಿ ಈಗಲೂ ಮಕ್ಕಳು ಓದುತ್ತಿದ್ದಾರೆ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2020ರ ವರದಿಯ ಅಂದಾಜಿನಂತೆ ಅಲ್ಲಿನ ಸುಮಾರು 36,000 ಶಾಲೆಗಳಲ್ಲಿ ಗಾಳಿ ಮತ್ತು ತಾಪಮಾನದ ವ್ಯವಸ್ಥೆಯನ್ನು ದುರಸ್ತಿ ಮಾಡಬೇಕು ಇಲ್ಲವೇ ಬದಲಾಯಿಸಬೇಕು. ಹಣವಿರುವ ದೇಶದ ಪಾಡೇ ಇದು.

"ಹಾಗಾದರೆ ಹೊರಗಾಳಿ ಹೆಚ್ಚಿಸಿದರೆ ಬಿಲ್ಲೂ ಹೆಚ್ಚುತ್ತದಲ್ಲ?" ಎಂದು ಪ್ರತಿ ಸಭೆಯಲ್ಲೂ ಒಬ್ಬರಾದರೂ ಕೇಳುತ್ತಾರೆ. ಇದಕ್ಕೆ ನಾನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಒಬ್ಬ ಮಗುವಿಗೆ ಸೆಕೆಂಡಿಗೆ 8 ಲೀಟರ್‌ನಂತೆ 30 ಮಕ್ಕಳಿಗೆ 240 ಲೀಟರ್ ಹೊರಗಾಳಿ. ಕೋಣೆಯ ಗಾಳಿ ಗಂಟೆಗೆ ಹೆಚ್ಚುಕಡಿಮೆ 5 ಸಲ ಬದಲಾದಂತಾಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2023ರಲ್ಲಿ ಗುರಿಯಾಗಿ ಹೇಳಿದ್ದೂ ಗಂಟೆಗೆ 5 ಸಲದ ಶುದ್ಧ ಗಾಳಿಯನ್ನೇ. ಹೊರಗೆ ಒಳಗಿಗಿಂತ 20 ಡಿಗ್ರಿ ಸೆಲ್ಸಿಯಸ್ ಚಳಿ ಹೆಚ್ಚಿದ್ದರೆ ಈ ಗಾಳಿಯನ್ನು ಬೆಚ್ಚಗೆ ಮಾಡಲು ಸುಮಾರು 5.8 ಕಿಲೋವ್ಯಾಟ್ ಬೇಕು. ಹೌದು, ಅದು ದುಬಾರಿ. ಆದರೆ ಹೊರಹೋಗುವ ಬೆಚ್ಚನೆಯ ಗಾಳಿಯೂ ಒಳಬರುವ ತಣ್ಣನೆಯ ಗಾಳಿಯೂ ತೆಳು ಫಲಕಗಳ ಎರಡು ಬದಿಯಲ್ಲಿ, ಒಂದರೊಡನೊಂದು ಬೆರೆಯದೆ ಹಾದುಹೋಗುವಂತೆ ಮಾಡಿದರೆ ಆ ಶಾಖದ ಮುಕ್ಕಾಲು ಪಾಲು ಹಿಂದಕ್ಕೆ ಸಿಗುತ್ತದೆ. ಉಳಿಯುವುದು ಒಂದೂವರೆ ಕಿಲೋವ್ಯಾಟ್. 30 ಮಕ್ಕಳ ಮೈಯಿಂದಲೇ ಸುಮಾರು 2 ಕಿಲೋವ್ಯಾಟ್ ಶಾಖ ಬರುತ್ತಿರುತ್ತದೆ! ಗೋಡೆ, ಚಾವಣಿ ಚೆನ್ನಾಗಿದ್ದರೆ ಚಳಿಗಾಲದ ಮಧ್ಯಾಹ್ನ ಹೀಟರ್‌ಗೆ ಕೆಲಸವೇ ಇರುವುದಿಲ್ಲ. ಇಂಗ್ಲೆಂಡಿನ ವಾಲಸಿಯಲ್ಲಿ ಎಮ್ಸ್ಲೀ ಮಾರ್ಗನ್ ವಿನ್ಯಾಸ ಮಾಡಿ 1961ರಲ್ಲಿ ಕಟ್ಟಿದ ಶಾಲೆ ಬಿಸಿಲು, ದೀಪ ಮತ್ತು ಮಕ್ಕಳ ಮೈಶಾಖದ ಮೇಲೆಯೇ ಬೆಚ್ಚಗಿರುವಂತೆ ಯೋಜಿಸಿದ್ದು.

ಸೆಕೆ ಹೆಚ್ಚಿರುವ ಕಡೆ ನನ್ನ ಕಣ್ಣು ಮೊದಲು ಹೋಗುವುದು ಚಾವಣಿಗೆ. ಒಂದೇ ಅಂತಸ್ತಿನ ಶಾಲೆಯಲ್ಲಿ ಬಿಸಿಲಿನ ದೊಡ್ಡ ಪಾಲು ಮೇಲಿನಿಂದಲೇ ಇಳಿಯುತ್ತದೆ. ಬಿಳಿಯ ಪ್ರತಿಫಲಕ ಲೇಪ, ಅದರ ಕೆಳಗೆ ಶಾಖನಿರೋಧಕ ಪದರ. ಆಮೇಲೆ ಕಿಟಕಿ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಒಳಗೆ ಪರದೆ ಎಳೆದರೆ ಬೆಳಕು ಹೋಗುತ್ತದೆ, ಶಾಖ ಮಾತ್ರ ಒಳಗೇ ಉಳಿಯುತ್ತದೆ. ಇವನ್ನೆಲ್ಲ ಮಾಡಿ ಮುಗಿಸಿದ ಮೇಲೆ ಎಸಿಯ ಅಳತೆ ಲೆಕ್ಕ ಹಾಕಬೇಕು. ಈ ಅನುಕ್ರಮಕ್ಕಾಗಿ ನಾನು ಎಷ್ಟು ವಾದ ಮಾಡಿದರೂ ಕಡಿಮೆಯೇ, ಏಕೆಂದರೆ ಅನುದಾನ ಬಂದ ಕೂಡಲೇ ಎಲ್ಲರೂ ಮೊದಲು ಯಂತ್ರ ಕೊಳ್ಳಲು ಹೊರಡುತ್ತಾರೆ. ಬೇಕಾದ್ದಕ್ಕಿಂತ ದೊಡ್ಡ ಎಸಿ ಕೋಣೆಯನ್ನು ಬೇಗ ತಂಪು ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವ ಹಾಗೇ ಉಳಿಯುತ್ತದೆ. ತೇವ ಶೇ. 60 ದಾಟಿ ನಿಂತಲ್ಲಿ ಬೂಷ್ಟು, ಬೂಷ್ಟು ಇರುವಲ್ಲಿ ಆಸ್ತಮಾದ ಮಕ್ಕಳಿಗೆ ಸಂಕಟ. ಹಾಗೆಂದು ತಂಪನ್ನು ಐಷಾರಾಮ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅಮೆರಿಕದ ವಿದ್ಯಾರ್ಥಿಗಳ ಪರೀಕ್ಷಾ ಅಂಕಗಳ ಮೇಲೆ ಜಿಸಂಗ್ ಪಾರ್ಕ್, ಜೋಶುವಾ ಗುಡ್‌ಮನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನ, ಎಸಿ ಇಲ್ಲದ ಶಾಲೆಗಳಲ್ಲಿ ಶಾಲಾವರ್ಷ 1 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬಿಸಿಯಾಗಿದ್ದರೆ ಆ ವರ್ಷದ ಕಲಿಕೆ ಶೇ. 1ರಷ್ಟು ಕುಸಿಯುತ್ತದೆ ಎಂದು ಕಂಡುಕೊಂಡಿತು.

ಏರ್ ಪ್ಯೂರಿಫೈಯರ್ ತಂದಿಟ್ಟು "ನಮ್ಮ ಗಾಳಿ ಸರಿಯಾಯಿತು" ಎನ್ನುವವರಿಗೂ ಒಂದು ಮಾತು. ಅದು ಧೂಳು, ಹೊಗೆಯ ಕಣ, ಸೋಂಕಿನ ತುಂತುರು ಹಿಡಿಯುತ್ತದೆ. ಹೊರಗೆ ಹೊಗೆ ಕವಿದ ದಿನಗಳಲ್ಲಿ ಅದು ಬೇಕೇಬೇಕು. ಆದರೆ ಇಂಗಾಲದ ಡೈಆಕ್ಸೈಡ್ ಅನ್ನು ಅದು ಒಂದಿಷ್ಟೂ ಇಳಿಸುವುದಿಲ್ಲ.

ಇನ್ನು ಸದ್ದಿನ ವಿಷಯ. ಇದನ್ನು ನನಗೆ ಕಲಿಸಿದ್ದು ಎಂಜಿನಿಯರುಗಳಲ್ಲ, ಒಬ್ಬ ಶಿಕ್ಷಕಿ. ಹೊಸ ಗಾಳಿಯಂತ್ರ ಅಳವಡಿಸಿದ್ದ ತರಗತಿ ಅದು. ಆದರೂ ಮೀಟರ್ ಏರುತ್ತಲೇ ಇತ್ತು. ಹೋಗಿ ನೋಡಿದರೆ ಯಂತ್ರ ಆಫ್. "ಏನು ಮೇಡಂ, ಕೆಟ್ಟಿದೆಯಾ?" ಎಂದು ಕೇಳಿದೆ. "ಕೆಟ್ಟಿಲ್ಲ ಸರ್. ಅದನ್ನು ಹಾಕಿದರೆ ಹಿಂದಿನ ಬೆಂಚಿನವರಿಗೆ ನನ್ನ ಮಾತು ಕೇಳೋದಿಲ್ಲ. ದಿನವಿಡೀ ಕಿರುಚಿ ಪಾಠ ಮಾಡೋಕಾಗುತ್ತಾ?" ಎಂದರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಖಾಲಿ ತರಗತಿಯಲ್ಲಿ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು ಎಂದು ಅಮೆರಿಕದ ಮಾನದಂಡವೊಂದು 2002ರಿಂದಲೇ ಹೇಳುತ್ತಿದೆ. ಗೋಡೆಗೆ ಅಂಟಿಸಿದ ಅಗ್ಗದ ಯಂತ್ರಗಳು ಪೂರ್ತಿ ವೇಗದಲ್ಲಿ ಅದನ್ನು ಸುಲಭವಾಗಿ ಮೀರುತ್ತವೆ. ಅಂದಿನಿಂದ ನಾನು ದೊಡ್ಡ ಫ್ಯಾನನ್ನು ನಿಧಾನವಾಗಿ ಓಡಿಸುವ ವ್ಯವಸ್ಥೆಯನ್ನೇ ಶಿಫಾರಸು ಮಾಡುತ್ತೇನೆ. ಇದರಲ್ಲಿ ವಿದ್ಯುತ್ತೂ ಉಳಿಯುತ್ತದೆ: ಫ್ಯಾನಿನ ವೇಗ ಶೇ. 20 ಇಳಿಸಿದರೆ ಅದು ಎಳೆಯುವ ವಿದ್ಯುತ್ತು ಹತ್ತಿರಹತ್ತಿರ ಅರ್ಧಕ್ಕೆ ಬರುತ್ತದೆ. ಸದ್ದು ಕಡಿಮೆ, ಬಿಲ್ಲು ಕಡಿಮೆ, ಶಿಕ್ಷಕಿ ಅದನ್ನು ಆಫ್ ಮಾಡುವುದಿಲ್ಲ.

ದೀಪಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದರೆ ಅರ್ಧ ಉಳಿಯುತ್ತದೆ, ಮಿನುಗು ಇಲ್ಲದ್ದನ್ನು ಆರಿಸಿ, ಕಿಟಕಿ ಪಕ್ಕದ ಸಾಲಿಗೆ ಬೇರೆ ಸ್ವಿಚ್ ಕೊಡಿ. ತೆಗೆದ ಟ್ಯೂಬ್‌ಗಳಲ್ಲಿ ಪಾದರಸವಿದೆ, ಒಡೆಯದಂತೆ ವಿಲೇವಾರಿ ಮಾಡಿ.

ಹಳೆಯ ಕಟ್ಟಡ ಒಡೆಯುವ ಮೊದಲು ಮಾತ್ರ ನಿಂತು ಯೋಚಿಸಿ. ಚಾವಣಿ ಹಲಗೆ, ಕೊಳವೆಯ ಹೊದಿಕೆ, ನೆಲದ ಟೈಲ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಬಾಗಿಲು ಕಿಟಕಿಗಳ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮುಟ್ಟದೆ ಬಿಟ್ಟಾಗ ಸುಮ್ಮನಿರುವ ಕಲ್ನಾರು, ಡ್ರಿಲ್ ತಾಗಿದೊಡನೆ ಗಾಳಿಗೆ ಸೇರುತ್ತದೆ. ಮಾದರಿ ತೆಗೆದು ಪರೀಕ್ಷೆ ಮಾಡಿಸದೆ ಯಾವ ಗುತ್ತಿಗೆದಾರನಿಗೂ ಉಜ್ಜಲು, ಕೊರೆಯಲು ಬಿಡಬಾರದು. ಪಕ್ಕದ ಕೋಣೆಯಲ್ಲಿ ಪಾಠ ನಡೆಯುತ್ತಿರುವಾಗ ಇಲ್ಲಿ ಗೋಡೆ ಕೆರೆಯುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಕ್ಕಳ ಆರೋಗ್ಯಕ್ಕೆಂದು ತಂದ ಹಣದಲ್ಲಿ ಮಕ್ಕಳಿಗೇ ಸೀಸದ ಧೂಳು ಉಣಿಸಿದಂತಾಗುತ್ತದೆ.

ಕಟ್ಟಡದ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದವರು ಅದನ್ನು ನೋಡಿಕೊಳ್ಳುವ ಸಿಬ್ಬಂದಿ. ಯಾವ ಮೂಲೆ ಮಳೆಗೆ ಒದ್ದೆಯಾಗುತ್ತದೆ, ಯಾವ ಮೋಟಾರು ರಾತ್ರಿಯಿಡೀ ಓಡುತ್ತಿರುತ್ತದೆ ಎಂದು ಅವರು ನಿಂತಲ್ಲೇ ಹೇಳುತ್ತಾರೆ. ಆದರೆ ಸಭೆಗೆ ಅವರನ್ನು ಯಾರೂ ಕರೆಯುವುದಿಲ್ಲ. ನಾನು ಮೊದಲ ದಿನವೇ ಅವರ ಜೊತೆ ಕಟ್ಟಡ ಸುತ್ತುತ್ತೇನೆ, ಸಂಜೆ ಬಾಗಿಲು ಹಾಕಿದ ಮೇಲೆ ಮತ್ತು ಬೆಳಿಗ್ಗೆ ತೆರೆಯುವ ಮೊದಲು ವಿದ್ಯುತ್ ಮೀಟರ್ ಬರೆದಿಡಲು ಕೇಳಿಕೊಳ್ಳುತ್ತೇನೆ. ಯಾರೂ ಇಲ್ಲದ ಶಾಲೆ ರಾತ್ರಿ ಎಷ್ಟು ತಿನ್ನುತ್ತದೆ ಎಂದು ಆ ಎರಡು ಅಂಕಿ ಹೇಳಿಬಿಡುತ್ತವೆ. ಖಾಲಿ ಕೋಣೆಗಳಿಗೆ ಗಾಳಿ ಊದುವ ಫ್ಯಾನು, ಬೆಳಗಿನವರೆಗೂ ಬಿಸಿಯಾಗಿರುವ ನೀರಿನ ಟ್ಯಾಂಕು: ಟೈಮರ್ ಹಾಕಿದರೆ ಸಾಕು, ಮಕ್ಕಳ ಪಾಲಿನದು ಏನನ್ನೂ ಕಸಿಯದೆ ಸಿಗುವ ಉಳಿತಾಯ ಇದು.

ಈಗ ನಾನು ಬರೆದುಕೊಡುವ ಟೆಂಡರ್ ಷರತ್ತುಗಳಲ್ಲಿ ಇವು ತಪ್ಪದೆ ಇರುತ್ತವೆ. ಏಣಿ ಹಾಕದೆ, ಸ್ಕ್ರೂ ಬಿಚ್ಚದೆ ಫಿಲ್ಟರ್ ಬದಲಿಸುವಂತಿರಬೇಕು, ಅದರ ಖರ್ಚು ವಾರ್ಷಿಕ ಬಜೆಟ್ಟಿನಲ್ಲಿ ಬೇರೆಯೇ ನಮೂದಾಗಬೇಕು. ನೋಡಿಕೊಳ್ಳುವ ಸಿಬ್ಬಂದಿಗೆ ಅವರ ಭಾಷೆಯಲ್ಲೇ ತರಬೇತಿ ಆಗಬೇಕು. ಪ್ರತಿ ತರಗತಿಯ ಗೋಡೆಯಲ್ಲಿ ಮಕ್ಕಳಿಗೂ ಕಾಣುವಂತೆ ಒಂದು ಇಂಗಾಲದ ಡೈಆಕ್ಸೈಡ್ ಮೀಟರ್ ಇರಬೇಕು. ಮತ್ತು ಕೊನೆಯ ಕಂತಿನ ಹಣ ಕಾಮಗಾರಿ ಮುಗಿದ ದಿನ ಬಿಡುಗಡೆಯಾಗುವಂತಿಲ್ಲ. ಒಂದು ಚಳಿಗಾಲ, ಒಂದು ಬೇಸಿಗೆ ಕಳೆದು, ತುಂಬಿದ ತರಗತಿಗಳಲ್ಲಿ ಗಾಳಿ, ತಾಪ, ಸದ್ದು ಮೂರನ್ನೂ ಅಳೆದು, ಆ ಅಂಕಿಗಳಿಗೆ ಮುಖ್ಯೋಪಾಧ್ಯಾಯರು ಸಹಿ ಹಾಕಿದ ಮೇಲೆಯೇ ಬಿಡುಗಡೆ. ಗುತ್ತಿಗೆದಾರರು ಈ ಷರತ್ತಿಗೆ ಗೊಣಗುತ್ತಾರೆ. ಆದರೂ ನಾನು ಅದನ್ನು ತೆಗೆಯುವುದಿಲ್ಲ.