ಹಳೇ ಟ್ರ್ಯಾಕ್ಟರ್‌ನ ಮುಂದಿನ ಆಕ್ಸಲ್: ಹೊಸ ಬುಶ್ ಹಾಕೋ ಮೊದಲು ತೂತು ನೋಡಿ

ಸ್ಟೇರಿಂಗ್ ಅಲುಗಾಡುತ್ತೆ ಅಂದ ಕೂಡಲೇ ಟೈ ರಾಡ್ ಎಂಡ್ (ಸ್ಟೇರಿಂಗ್ ಸರಳಿನ ತುದಿಯ ಕೀಲು) ಬದಲಾಯಿಸೋದು ನಮ್ಮ ಕಡೆ ರೂಢಿ. ಸ್ವಲ್ಪ ದಿನ ಸರಿಯಿದ್ದು ಮತ್ತೆ ಅದೇ ಕಥೆ. ಸವೆದಿರೋದು ಹೆಚ್ಚಾಗಿ ಸೆಂಟರ್ ಪಿನ್ (ಆಕ್ಸಲ್ ನಡುವೆ ಅದು ತೂಗೋಕೆ ಇರುವ ದಪ್ಪ ಪಿನ್) ಅಥವಾ ಸ್ಟಬ್ ಆಕ್ಸಲ್ (ಆಕ್ಸಲ್ ತುದಿಯಲ್ಲಿ ತಿರುಗುತ್ತಾ ಚಕ್ರ ಹೊರೋ ತುಂಡು) ಬುಶ್. ಬುಶ್ ಅಂದರೆ ಪಿನ್ ಅಥವಾ ಶಾಫ್ಟ್ ಆಡೋ ತೂತಿನೊಳಗೆ ಕೂರಿಸುವ ಲೋಹದ ಕೊಳವೆ. ಹೇಮಾವತಿ ನಾಲೆ ಬಯಲಲ್ಲಿ ಗದ್ದೆ ಕೆಸರು ಮಾಡುವಾಗ ಮುಂದಿನ ಹಬ್ (ಚಕ್ರದ ನಡುಭಾಗ) ಮುಳುಗೋವಷ್ಟು ಕೆಸರಿರುತ್ತೆ. ಆ ನುಣುಪು ಮಣ್ಣು ಗ್ರೀಸ್ ಜೊತೆ ಬೆರೆತರೆ ಬುಶ್ಶನ್ನೂ ಪಿನ್ನನ್ನೂ ಒಟ್ಟಿಗೇ ಅರೆಯುತ್ತೆ. ಮುಂದೆ ಲೋಡರ್ ಕಟ್ಟಿದ ಗಾಡಿಗಳಲ್ಲಂತೂ ಸವೆತ ಇನ್ನೂ ಬೇಗ. ಈ ಕೆಲಸ ಬೇಸಿಗೆಯಲ್ಲೇ, ಆಲೂಗಡ್ಡೆ ಬಿತ್ತನೆಗೆ ಮುಂಚೆ ಮುಗಿಸಿಕೊಳ್ಳೋದು ಒಳ್ಳೇದು.

ಮೊದಲು ಆಟ, ಅಂದರೆ ಸಡಿಲ, ಎಲ್ಲಿದೆ ಅಂತ ಹುಡುಕಬೇಕು. ಗಟ್ಟಿ, ಸಮ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ. ಮುಂದಿನ ಸಪೋರ್ಟ್ (ಆಕ್ಸಲ್ ತೂಗುಹಾಕಿರೋ ಗಟ್ಟಿ ಭಾಗ) ಕೆಳಗೆ ಜಾಕಿ ಕೊಟ್ಟು ಎತ್ತಿ, ಎಂಜಿನ್ ಅಡಿಯ ಆಯಿಲ್ ಸಂಪ್ ಕೆಳಗೆ ಬೇಡವೇ ಬೇಡ. ಎತ್ತಿದ ಮೇಲೆ ದಪ್ಪ ಮರದ ದಿಮ್ಮಿ ಕೊಡಿ. ಬರೀ ಜಾಕಿ ನಂಬಿ ಯಾರೂ ಕೆಳಗೆ ಕೈ ಹಾಕಬಾರದು. ಈಗ ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ, ಇನ್ನೊಬ್ಬರು ಹಿಂದಿನಿಂದ ನೋಡಲಿ. ಚಕ್ರ ಮಾತ್ರ ಅಲುಗಿದರೆ ಹಬ್ ಬೇರಿಂಗ್. ಸ್ಟಬ್ ಆಕ್ಸಲ್ಲೂ ಜೊತೆಗೇ ಅಲುಗಿದರೆ ಅದರ ಬುಶ್. ಎಡ-ಬಲ ಹಿಡಿದು ಆಡಿಸಿದಾಗ ಮಾತ್ರ ಸದ್ದು ಬಂದರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ಆರ್ಮ್. ಕೊನೆಗೆ ಆಕ್ಸಲ್ ನಡುವೆ ಹಾರೆ ಕೊಟ್ಟು ಮೇಲಕ್ಕೆ ಮೀಟಿ. ಆಕ್ಸಲ್ ಟಕ್ಕೆಂದು ಎದ್ದು ಬಿದ್ದರೆ ಸೆಂಟರ್ ಪಿನ್ ಹೋಗಿದೆ.

ಹೆಚ್ಚಿನವರು ಎಡವೋದು ಈ ಸೆಂಟರ್ ಪಿನ್‌ನಲ್ಲೇ. ಗಾಡಿಯ ಮುಂಭಾರವೆಲ್ಲ ಪಿನ್ ಮೂಲಕ ಬುಶ್‌ನ ಕೆಳಭಾಗದ ಮೇಲೆ ಕೂರುತ್ತೆ. ಹಾಗಾಗಿ ಪಿನ್ ಹೊರತೆಗೆದರೆ ಅದರ ಅಡಿಭಾಗ ತಿಂದುಹೋಗಿರುತ್ತೆ, ಮೇಲ್ಭಾಗ ಹೊಸದರಂತೆ ಇರುತ್ತೆ. ಪಿನ್ನನ್ನೇ ಅರ್ಧ ಸುತ್ತು ತಿರುಗಿಸಿ ಹಾಕಿದರೆ ಆ ವಾರದ ಕೆಲಸ ನಡೆಯಬಹುದು, ಅಷ್ಟೇ. ಗ್ರೀಸ್ ಸಿಗದೆ ಬುಶ್ ಪಿನ್ನಿಗೆ ಕಚ್ಚಿಕೊಂಡರೆ ಇನ್ನೂ ಕೆಟ್ಟದ್ದು: ಬುಶ್ಶೇ ಆಕ್ಸಲ್ ತೂತಿನೊಳಗೆ ತಿರುಗೋಕೆ ಶುರುವಾಗಿ ತೂತನ್ನೇ ಮೊಟ್ಟೆ ಆಕಾರ ಮಾಡುತ್ತೆ. ಹೊಸ ಬುಶ್ ಕೈಯಲ್ಲಿ ತಳ್ಳಿದರೇ ಒಳಗೆ ಹೋಯ್ತು ಅಂದರೆ ತೂತು ಹಾಳಾಗಿದೆ ಅಂತಲೇ ಅರ್ಥ. ತೂತನ್ನು ಮೇಲೆ-ಕೆಳಗೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆಯಿರಿ. 0.2 ಮಿ.ಮೀ. ವ್ಯತ್ಯಾಸ ಸಿಕ್ಕರೂ ಆಕ್ಸಲ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯಿರಿ. ತೂತು ಬೋರ್ ಮಾಡಿಸಿ, ಅದಕ್ಕೆ ತಕ್ಕ ದಪ್ಪದ ಗನ್‌ಮೆಟಲ್ ಬುಶ್ ಕಡೆಸಿ. ಬುಶ್‌ನ ಹೊರಗಾತ್ರ ತೂತಿಗಿಂತ ಸುಮಾರು 0.05 ಮಿ.ಮೀ. ದೊಡ್ಡದಿದ್ದರೆ ಪ್ರೆಸ್‌ನಲ್ಲಿ ಬಿಗಿಯಾಗಿ ಕೂರುತ್ತೆ. ತಗಡು ಸುತ್ತಿ ಬುಶ್ ಬಡಿದು ಕೂರಿಸೋದನ್ನು ಒಪ್ಪಲೇಬೇಡಿ; ಒಂದೇ ಹಂಗಾಮಿನಲ್ಲಿ ತಗಡು ಪುಡಿಯಾಗಿ ತೂತು ಇನ್ನಷ್ಟು ಅಗಲವಾಗುತ್ತೆ. ಎರಕದ ಆಕ್ಸಲ್ಲಿಗೆ ಊರ ಅಂಗಡಿಯಲ್ಲಿ ವೆಲ್ಡಿಂಗ್ ಮಾಡಿಸಿದರೆ ಬಿರುಕು ಬಿಡುವ ಭಯ ಇದ್ದೇ ಇದೆ.

ಪ್ರೆಸ್ ಮಾಡಿದಾಗ ಬುಶ್‌ನ ಒಳಗಾತ್ರ ಕೊಂಚ ಕುಗ್ಗುತ್ತೆ. ಅದಕ್ಕೇ ರೀಮರ್ (ತೂತನ್ನು ಅಳತೆಗೆ ಸರಿಯಾಗಿ ಕೆರೆಯೋ ಸಾಧನ) ಹಾಕೋದು ಕೂರಿಸಿದ ನಂತರ, ಮುಂಚೆ ಅಲ್ಲ. ಪಿನ್ನಿಗೂ ಬುಶ್ಶಿಗೂ 0.1 ಮಿ.ಮೀ. ಆಸುಪಾಸು ಸಂದು ಇರಲಿ. ಗ್ರೀಸ್ ನಿಪ್ಪಲ್ (ಗ್ರೀಸ್ ಗನ್ ಕೂರೋ ಮೂತಿ) ತೂತು ಬುಶ್‌ನ ತೂತಿಗೆ ನೇರ ಬಂದಿದೆಯಾ ಅಂತ ತಂತಿ ಹಾಕಿ ನೋಡಿ. ಇದೊಂದು ತಪ್ಪಿದರೆ ಎಷ್ಟು ಗನ್ ಹೊಡೆದರೂ ಗ್ರೀಸ್ ಒಳಗೆ ಹೋಗಲ್ಲ. ಆಕ್ಸಲ್ ಹಿಂದೆ-ಮುಂದೆ ಆಡುತ್ತಿದ್ದರೆ ಅಲ್ಲಿನ ವಾಷರ್, ಶಿಮ್‌ಗಳನ್ನೂ (ಸಂದು ತುಂಬೋ ತೆಳು ಬಿಲ್ಲೆ) ಆಗಲೇ ಬದಲಾಯಿಸಿ.

ಸ್ಟಬ್ ಆಕ್ಸಲ್ ಬಿಚ್ಚೋ ಮುಂಚೆ ಸ್ಟೇರಿಂಗ್ ಆರ್ಮ್ ಮತ್ತು ಸ್ಟಬ್ ಆಕ್ಸಲ್ ಶಾಫ್ಟ್ ಮೇಲೆ ಪಂಚ್‌ನಿಂದ ಗುರುತು ಹಾಕಿಕೊಳ್ಳಿ. ಟೈ ರಾಡ್ ಎಂಡ್ ಬಿಡಿಸೋಕೆ ಥ್ರೆಡ್ ಮೇಲೆ ಬಡಿಯಬೇಡಿ. ಆರ್ಮ್‌ನ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಒತ್ತಿ ಹಿಡಿದು ಇನ್ನೊಂದು ಪಕ್ಕಕ್ಕೆ ಹೊಡೆದರೆ ತಾನಾಗೇ ಬಿಡುತ್ತೆ. ಥ್ರಸ್ಟ್ ಬೇರಿಂಗ್ (ಮೇಲಿನ ಭಾರ ಹೊರೋ ಬೇರಿಂಗ್) ಯಾವ ಮಗ್ಗುಲಲ್ಲಿತ್ತು ಅಂತ ನೋಡಿಟ್ಟುಕೊಂಡು ಹೊಸದನ್ನೂ ಹಾಗೇ ಹಾಕಿ. ಶಾಫ್ಟ್ ಮೇಲೆ ಉಗುರು ಎಳೆದಾಗ ಮೆಟ್ಟಿಲು ತಾಗಿದರೆ ಹೊಸ ಸ್ಟಬ್ ಆಕ್ಸಲ್ಲೇ ಬೇಕು. ವೆಲ್ಡಿಂಗ್ ತುಂಬಿ ಕಡೆಸಿದ್ದು ಬುಡದಲ್ಲಿ ಬಿರುಕು ಬಿಟ್ಟು, ಅಡಿಕೆ ತುಂಬಿದ ಟ್ರೈಲರ್ ಜೊತೆ ಘಾಟಿ ಇಳಿಯುವಾಗ ಚಕ್ರ ಕಳಚಿದರೆ ಜೀವಕ್ಕೇ ಅಪಾಯ. ಉಳಿಸಿದ ದುಡ್ಡಿಗೆ ಅರ್ಥವಿರಲ್ಲ.

ಹಬ್ ಕೆಲಸ ಸುಲಭ. ಬೇರಿಂಗ್ ಸೀಮೆಎಣ್ಣೆಯಲ್ಲಿ ತೊಳೆದು ನೋಡಿ, ರೋಲರ್ ಮೇಲೆ ಗುಳಿ ಇದ್ದರೆ ಹೊರಗಿನ ಕಪ್ ಸಮೇತ ಬದಲಾಯಿಸಿ. ಆಯಿಲ್ ಸೀಲ್ ಯಾವತ್ತೂ ಹೊಸದು. ಹಬ್ ತಿರುಗಿಸುತ್ತಾ ನಟ್ ಬಿಗಿ ಮಾಡಿ, ತಿರುಗೋದು ಭಾರ ಅನ್ನಿಸಿದಾಗ ನಿಲ್ಲಿಸಿ, ಒಂದು ಕಚ್ಚು ಹಿಂದೆ ಬಿಟ್ಟು, ನಟ್ ತಿರುಗದಂತೆ ಹೊಸ ಕಾಟರ್ ಪಿನ್ ಹಾಕಿ.

ಎಲ್ಲ ಜೋಡಿಸಿದ ಮೇಲೆ ಟೋ-ಇನ್ (ಮುಂದಿನ ಎರಡು ಚಕ್ರ ಮುಂಭಾಗದಲ್ಲಿ ಕೊಂಚ ಒಳಮುಖವಾಗಿರೋದು) ನೋಡದೆ ಗಾಡಿ ಕೊಡಬಾರದು. ಸ್ಟೇರಿಂಗ್ ನೇರ ಇಟ್ಟು, ಹಬ್‌ನ ಎತ್ತರದಲ್ಲಿ ಎರಡು ರಿಮ್‌ಗಳ ನಡುವಿನ ಅಂತರ ಮುಂದೆ ಅಳೆದು ಸೀಮೆಸುಣ್ಣದ ಗುರುತು ಹಾಕಿ. ಗಾಡಿ ತಳ್ಳಿ ಗುರುತು ಹಿಂದಕ್ಕೆ ಬಂದಾಗ ಮತ್ತೆ ಅಳೆಯಿರಿ. ಮಾಡೆಲ್‌ನ ಕೈಪಿಡಿ ಹೇಳಿದ ಲೆಕ್ಕವೇ ಅಂತಿಮ. ಅನೇಕ ಟೂ ವೀಲ್ ಡ್ರೈವ್ ಗಾಡಿಗಳಲ್ಲಿ ಮುಂದಿನ ಅಂತರ 3ರಿಂದ 6 ಮಿ.ಮೀ. ಕಡಿಮೆ ಇರಬೇಕು. ಟೈರ್ ಅಂಚು ಗರಗಸದ ಹಲ್ಲಿನಂತೆ ಸವೆಯೋದು ಇದು ತಪ್ಪಿದಾಗ.

ಗ್ರೀಸ್ ಹೊಡೆಯೋದು ಚಕ್ರ ನೆಲದ ಮೇಲಿದ್ದಾಗಲ್ಲ, ಮುಂಭಾಗ ಎತ್ತಿ. ಭಾರ ಬಿದ್ದಿದ್ದರೆ ಪಿನ್ ಬುಶ್‌ನ ಕೆಳಭಾಗಕ್ಕೆ ಒತ್ತಿರುತ್ತೆ, ಗ್ರೀಸ್ ಖಾಲಿಯಿರುವ ಮೇಲ್ಭಾಗದಿಂದ ಹಾಗೇ ಹೊರಬರುತ್ತೆ. ಸವೆಯೋ ಜಾಗ ಒಣಗಿಯೇ ಇರುತ್ತೆ. ಎತ್ತಿದಾಗ ಆ ಸಂದು ತೆರೆದುಕೊಳ್ಳುತ್ತೆ, ಥ್ರಸ್ಟ್ ಬೇರಿಂಗ್‌ಗೂ ಗ್ರೀಸ್ ಇಳಿಯುತ್ತೆ. ನಿಪ್ಪಲ್ ಬಾಯಿ ಒರೆಸಿ, ಕಪ್ಪು ಗ್ರೀಸ್ ಹೋಗಿ ಹೊಸದು ಕಾಣುವ ತನಕ ಹೊಡೆಯಿರಿ. ಕೆಸರು ಕೆಲಸದ ದಿನಗಳಲ್ಲಿ ಇದನ್ನು ಪ್ರತಿ ಸಂಜೆ, ಗಾಡಿ ತೊಳೆದ ಮೇಲೆ ಮಾಡಿ. ತೊಳೆಯುವಾಗ ಪ್ರೆಷರ್ ನೀರನ್ನು ಸೀಲ್ ಕಡೆಗೆ ನೇರ ಬಿಡಬೇಡಿ.